ನೀರಿಲ್ಲದ ನಾಲೆಯ ಏರಿ

ಬಾಗಿಲು ಬಡಿದ ಸದ್ದಿಗೆ ಇನ್‌ಸ್ಪೆಕ್ಟರ್ ರಂಜಿತ ಎದ್ದರು. ಹೊರಗೆ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡ ಯುವತಿ. ಕಬ್ಬಿಣದ ದೊಡ್ಡ ಕೀಲಿಯೊಂದನ್ನು ಅವರ ಕೈಗಿಟ್ಟಳು.

“ಯಾರಮ್ಮ ನೀನು?”

“ನೀರುಗಂಟಿ ಮಗ್ಳು ಸುನಿತಾ. ತೂಬಿನ ಕೀಲಿ ಇನ್ನ ಮುಟ್ಟಲ್ಲ ಅಂದ್ಬುಟ್ಟ ನಮ್ಮಪ್ಪ. ನೀವೇ ಮಡಿಕಳಿ.”

ಎರಡು ದಿನದ ಹಿಂದೆ ಚಿಕ್ಕರಸಿನಕೆರೆ ಬಳಿ ನಾಲೆಯ ಏರಿ ಒಡೆದು ಕಬ್ಬು ಕೊಚ್ಚಿಹೋಗಿತ್ತು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮರಿಸಿದ್ದಯ್ಯ ತೂಬಿನ ಬಾಗಿಲನ್ನು ಮಿತಿಮೀರಿ ಎತ್ತಿ ನೀರು ಉಕ್ಕಿಸಿದ್ದೇ ಕಾರಣವೆಂದು ಗದ್ದೆಯ ಮಾಲೀಕ ಸಿದ್ದರಾಜು ದೂರಿತ್ತಿದ್ದ. ಎಫ್‌ಐಆರ್ ದಾಖಲಾಗಿ, ಮರಿಸಿದ್ದಯ್ಯ ಮಂಡ್ಯದ ಜೈಲು ಸೇರಿದ್ದರು.

ಬೆಳಿಗ್ಗೆ ರಂಜಿತ ಸ್ಥಳಕ್ಕೆ ಹೋದರು. ನೀರು ಉಕ್ಕಿ ಹರಿದ ಗುರುತು ಏರಿಯ ಮೇಲಿರಲಿಲ್ಲ. ಜಾರಿದ್ದು ಬುಡ. ಅಲ್ಲಿ ಸಿದ್ದರಾಜು ಮತ್ತು ನೆರೆಯವನ ಗದ್ದೆಗಳು ಕೂಡುತ್ತಿದ್ದವು; ಇಬ್ಬರೂ ಬಂದಿದ್ದರು.

“ಇಲ್ಲಿ ಯಾರಾದರೂ ಅಗೆದಿದ್ದರೇ?”

“ಮೂರು ವರ್ಸದ ಕೂಳೆ ಕಬ್ಬು ಕಣಮ್ಮ,” ಎಂದ ಪಕ್ಕದ ಗದ್ದೆಯ ಅಂಕಯ್ಯ. “ಕುಯ್ದ ಬುಡವೇ ಚಿಗುರೋದು. ನೇಗ್ಲೇ ಕಟ್ಟಿಲ್ಲ, ಇನ್ನ ಅಗೆಯೋದೆಲ್ಲಿ ಬಂತು?”

ಸಿದ್ದರಾಜು ನಕ್ಕ. “ನಂದೂ ಕೂಳೇನೇ. ಕಳ್ಳ ಜೈಲಲ್ಲವ್ನೆ, ಇವ್ರು ಕಬ್ಬ ವಿಚಾರ್ಸ್ತಾವ್ರೆ ನೋಡ್ಲಾ ಅಂಕ!”

ರಂಜಿತ ಬೆಂಗಳೂರಿನ ಭೂವಿಜ್ಞಾನಿ ದೀಪಿಕ ಅವರಿಗೆ, ಉಪಗ್ರಹದ ದಾಖಲೆಯಲ್ಲಿ ಏರಿಯನ್ನು ಪರೀಕ್ಷಿಸಲು ಕೋರಿ ಪತ್ರ ಬರೆದರು. ಉಪಗ್ರಹವು ಒಂದೇ ಹಾದಿಯಲ್ಲಿ ಮತ್ತೆ ಮತ್ತೆ ಬಂದು ರೇಡಾರ್ ಅಲೆ ಬೀರುತ್ತದೆ. ಬೇರೆ ಬೇರೆ ದಿನ ಮರಳಿದ ಅಲೆಗಳನ್ನು ಹೋಲಿಸಿದರೆ ನೆಲ ಬೆರಳಗಲ ತಗ್ಗಿದ್ದರೂ ತಿಳಿಯುತ್ತದೆ. ವಾರದೊಳಗೆ ದೀಪಿಕ ಕರೆ ಮಾಡಿದರು.

“ಅಲ್ಲಾಡುವ ಬೆಳೆಯ ಮೇಲೆ ಲೆಕ್ಕ ಕೆಡುತ್ತೆ. ಏರಿಯ ಕಲ್ಲುಕಟ್ಟಡದ ಮೇಲೆ ಕೆಡಲ್ಲ. ಒಡೆದ ಜಾಗ ಬೇಸಿಗೆಯಿಂದಲೇ ತಗ್ಗುತ್ತಾ ಬಂದಿದೆ.”

“ಬೇಸಿಗೇಲಿ ನಾಲೇಲಿ ನೀರೇ ಇರಲಿಲ್ಲ!” ರಂಜಿತ ಮೇಜು ಕುಟ್ಟಿದರು. ತೂಬು ಎತ್ತುವ ಮಾತೆಲ್ಲಿ?

ಪಂಚರ ಸಮ್ಮುಖದಲ್ಲಿ ಎರಡೂ ಗದ್ದೆಗಳಲ್ಲಿ ಉಳಿದ ಕಬ್ಬಿನ ಬುಡ ಕೀಳಿಸಿದರು. ಪೂರಿಗಾಲಿಯ ಕಬ್ಬು ಬೆಳೆಗಾರರ ಮಗಳಾದ ರಂಜಿತ ಅವರಿಗೆ ಬೇರು ನೋಡಿದರೆ ಸಾಕು. ಒಂದರಲ್ಲಿ ಹಳೆಯ ಕೊಯ್ಲಿನ ಒಣಗಿದ ಮೋಟುಗಳಿದ್ದವು. ಇನ್ನೊಂದರಲ್ಲಿ ಈ ವರ್ಷ ನೆಟ್ಟ ಬಿತ್ತನೆ ತುಂಡು!

“ಕೂಳೆಗೆ ಬಿತ್ತನೆ ಯಾಕಯ್ಯ ಬೇಕು?”

ಆ ಗದ್ದೆಯ ಒಡೆಯ ತಲೆ ತಗ್ಗಿಸಿದ. ಅಲ್ಲಿ ಅಗೆಸಿದಾಗ ಸಡಿಲ ಮಣ್ಣು ಸಿಕ್ಕಿತು, ಅದರಡಿ ಏರಿಯ ಬುಡದವರೆಗೂ ಮರಳು ತೆಗೆದ ಹೊಂಡ, ಮರಳೆತ್ತಲು ಹೂತ ಪಂಪಿನ ಪೈಪು. ಪಂಚನಾಮೆ ಮುಗಿಯಿತು, ಕಾನ್‌ಸ್ಟೆಬಲ್ ಪುನೀತ್ ಕೋಳ ತೊಡಿಸಿದ.

“ಗುತ್ತಲಲ್ಲಿ ತಮ್ಮನ ಮನೆ ಎರಡಂತಸ್ತು,” ಎಂದಿತು ಆರೋಪಿಯ ಕುಗ್ಗಿದ ದನಿ. “ಅಣ್ಣ ಅನ್ನಿಸ್ಕಂಡೋನು ಮರಳು ಮಾರಿಯಾದ್ರೂ ಮೂರು ಕಟ್ಟಬ್ಯಾಡ್ವಾ?”

ಜೈಲಿನ ಬಾಗಿಲಲ್ಲಿ ಸುನಿತಾ ಅಪ್ಪನನ್ನು ತಬ್ಬಿದಳು. ರಂಜಿತ ಕೀಲಿ ಮುಂದೆ ಚಾಚಿದರು.

“ತಗೊಳ್ಳಿ ಮರಿಸಿದ್ದಯ್ಯ. ನಿಮ್ಮ ಪರವಾಗಿ ಆಕಾಶವೇ ಸಾಕ್ಷಿ ಹೇಳಿದೆ. ಏರಿ ಜಾರಿದ್ದು ಬುಡ ಅಗೆದಿದ್ದಕ್ಕೆ. ಈಗ ಕಟ್ಟಿ ಮುಗೀತು, ಊರು ನೀರಿಗೆ ಕಾಯ್ತಿದೆ.”

ಮುದುಕ ಕೀಲಿಯನ್ನು ಕಣ್ಣಿಗೊತ್ತಿಕೊಂಡ. “ಅಗೆದೋನ್ಯಾರವ್ವ?”

“ದೂರು ಕೊಟ್ಟ ಸಿದ್ದರಾಜು.”