ಈಸ್ಟರ್ ಸೋಮವಾರ ಅವನು ಬರಲಿಲ್ಲ

"ಏಯ್, ಕೈ ನಿಲ್ಲಿಸಿ! ಕೆಳಗೆ ಜನ ಇದ್ದಾರೆ, ಕಾಣಲ್ವಾ?"

ಮೆಲಾನಿಯಾ ಕೂಗಿದ ರಭಸಕ್ಕೆ ಮರದ ಚರ್ಚಿನೊಳಗಿದ್ದ ಪ್ರವಾಸಿಗರೆಲ್ಲ ಹೊರಗೆ ಬಂದರು. ಅವಳ ಕಾಲ ಬಳಿ ಕೊಳೆತ ಮರದ ಹೆಂಚೊಂದು ಬಿದ್ದು ಪುಡಿಯಾಗಿತ್ತು.

ಛಾವಣಿಯ ಮೇಲಿಂದ ಒಂದು ತಲೆ ಇಣುಕಿತು.

"ಕ್ಷಮಿಸಿ... ನಿಮಗೆ ತಾಗ್ಲಿಲ್ಲ ತಾನೇ?"

"ತಾಗಿದ್ರೆ ಉತ್ತರ ಕೊಡೋಕೆ ನಾನಿರ್ತಿದ್ನಾ?"

ಆತ ನಕ್ಕುಬಿಟ್ಟ. ಅವಳ ಕಪ್ಪು ಉಡುಪು ಕಂಡದ್ದೇ ಆ ನಗು ಅರ್ಧಕ್ಕೇ ನಿಂತಿತು. ಚಳಿಗಾಲದಲ್ಲಿ ಅವಳ ತಂದೆ ತೀರಿಕೊಂಡಿದ್ದರು.

ಆತನ ಹೆಸರು ಮಾಟೂಶ್. ಹೆಂಚು ಹೊದಿಸಲು ದೂರದ ಒರಾವಾದಿಂದ ಬಂದವನು. ಬಂದವರಿಗೆ ಚರ್ಚು ತೋರಿಸುವುದು ಅವಳ ಕೆಲಸ. ಅದರ ಮಾಡು ಕಾಯುವುದು ಅವನ ಕೆಲಸ. ವಸಂತ ಕಾಲಿಡುವ ಹೊತ್ತಿಗೆ ಅವನ ಸುತ್ತಿಗೆಯ ಸದ್ದು ಕೇಳದ ದಿನ ಅವಳಿಗೆ ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಈಸ್ಟರ್ ಬಂತು. ಬುಧವಾರ ಅವನು ಊರಿಗೆ ಹೊರಡುವವನು!

'ಮನಸ್ಸಿದ್ದರೆ ಸೋಮವಾರ ಬಂದೇ ಬರ್ತಾನೆ...'

ಆ ದಿನ ಗಂಡಸರು ಬಕೆಟ್ ಹಿಡಿದು ಮನೆಮನೆಗೆ ಹೋಗುತ್ತಾರೆ. ಮೆಚ್ಚಿದ ಹುಡುಗಿಯ ಮೇಲೆ ನೀರು ಸುರಿಯದೆ ಯಾವ ಹುಡುಗನೂ ಇರಲಾರ. ಬೆಳಕು ಹರಿಯುವ ಮೊದಲೇ ಮೆಲಾನಿಯಾ ಜಗಲಿಯಲ್ಲಿ ನಿಂತಿದ್ದಳು.

ಊರ ಹುಡುಗರು ಬಂದರು. ಕಿರುಚಾಡಿದರು, ತೋಯಿಸಿದರು, ನಕ್ಕರು. ಅಂಗಳದ ಬಾಗಿಲು ಸದ್ದಾದಾಗಲೆಲ್ಲ ಅವಳು ಕತ್ತೆತ್ತಿ ನೋಡಿದಳು.

ಅವನು ಮಾತ್ರ ಇಲ್ಲ.

"ಮೆಲ್ಕಾ, ಬಟ್ಟೆ ಬದಲಿಸೇ! ನೆಗಡಿ ಆಗತ್ತೆ," ಅಮ್ಮ ಗದರಿದಳು.

"ಇನ್ನೂ ಯಾರಾದ್ರೂ ಬರಬಹುದಮ್ಮಾ..."

ಸಂಜೆಯಾಯಿತು. ಯಾರೂ ಬರಲಿಲ್ಲ.

'ಒರಾವಾದಲ್ಲಿ ಯಾರಾದ್ರೂ ಕಾಯ್ತಿದ್ದಾಳಾ? ನಾನೇ ಹುಚ್ಚಿ... ಅವನ ನಗುವನ್ನ ನನ್ನದು ಅಂದ್ಕೊಂಡೆ. ದೇವಮಾತೆ, ಈ ಮನಸ್ಸನ್ನ ನೀನೇ ಹಿಡಿದಿಡು!'

ಬೆಳಗ್ಗೆ ಒಲೆಗೆ ಬೆನ್ನು ಹಾಕಿ ಕುಳಿತ ಮಗಳನ್ನು ಅಮ್ಮ ನೋಡಿದಳು.

"ಇವತ್ತು ಮಂಗಳವಾರ ಕಣೇ. ನೀರು ಹಾಕೋ ಸರದಿ ಹೆಂಗಸರದ್ದು."

"ಅವನು ಬೇಡ ಅಂದ್ರೆ?"

"ಅಂದ್ರೆ ಗೊತ್ತಾಗತ್ತಲ್ಲ! ನಾಳೆ ಬಸ್ಸು ಹೋದ್ಮೇಲೆ ಅಳೋದಕ್ಕಿಂತ ಒಳ್ಳೇದು."

ದಾರಿಯುದ್ದಕ್ಕೂ ಬಕೆಟ್ಟಿನ ನೀರು ತುಳುಕಿತು. ಚರ್ಚಿನ ಬಳಿ ಮಾಟೂಶ್ ಏಣಿ ಇಳಿಸಿ ಹಗ್ಗ ಸುತ್ತುತ್ತಿದ್ದ. ಇನ್ನೊಂದು ಕ್ಷಣ ನಿಂತರೆ ಧೈರ್ಯ ಉಳಿಯದು ಎನಿಸಿ ಅವಳು ಕಣ್ಣು ಮುಚ್ಚಿ ಸುರಿದೇ ಬಿಟ್ಟಳು!

"ಅಯ್ಯೋ!"

"ನಿನ್ನೆ ಯಾಕೆ ಬರಲಿಲ್ಲ?"

ನೀರು ತೊಟ್ಟಿಕ್ಕುವ ಮುಖದಲ್ಲಿ ಅವನು ಅವಳನ್ನೇ ನೋಡಿದ.

"ಬಂದಿದ್ದೆ... ಎಲ್ಲರಿಗಿಂತ ಮೊದಲು. ನೀವು ಕಪ್ಪು ಬಿಟ್ಟಿದ್ರಿ ಅಂತ ಧೈರ್ಯ ಮಾಡಿದ್ದೆ. ಬೇಲಿಯ ಆಚೆಯಿಂದ ನೋಡಿದ್ರೆ ಮತ್ತೆ ಕಪ್ಪು ಶಾಲು ಹೊದ್ದು ನಿಂತಿದ್ರಿ, ಹಾಗೇ ತಿರುಗಿಬಿಟ್ಟೆ. ನಮ್ಮ ಕಡೆ ಸಾವಾದ ಮನೆಗೆ ವರ್ಷ ತುಂಬೋವರೆಗೆ ನೀರು ಒಯ್ಯಲ್ಲ. ಅಳೋ ಮನೆಗೆ ನಾನು ಹೇಗೆ..."

"ಚಳಿಗೆ ಅಮ್ಮನ ಶಾಲು ಹೊದ್ದಿದ್ದೆ! ಇಲ್ಲಿ ನಲವತ್ತು ದಿನ ಕಳೆದ್ರೆ ಶೋಕ ಮುಗೀತು. ಯಾರನ್ನಾದ್ರೂ ಕೇಳಬಾರದಿತ್ತಾ?"

"ಕೇಳಿದ್ರೆ ಯಾಕೆ ಅಂತ ಕೇಳ್ತಿದ್ರು... ಮೊದಲು ನಿಮಗೆ ಹೇಳ್ಬೇಕು ಅಂತಿತ್ತು."

"ಏನನ್ನ?"

"ನಿಮಗಂತ ತುಂಬಿಟ್ಟ ಬಕೆಟ್ಟನ್ನ ಭಾನುವಾರ ಪೂರ್ತಿ ರಾತ್ರಿ ತಲೆದಿಂಬಿನ ಹತ್ರ ಇಟ್ಕೊಂಡಿದ್ದೆ ಅಂತ. ನೀವಂದ್ರೆ ನಂಗೆ ಪ್ರಾಣ ಅಂತ."

ಒಂದಿಡೀ ದಿನ ಹಿಡಿದಿಟ್ಟ ಕಣ್ಣೀರು ಆಗ ಇಳಿಯಿತು.

"ನಾಳೆ ಹೋಗ್ತೀಯಾ?"

"ಹೋಗ್ಲೇಬೇಕು, ಅಲ್ಲೊಂದು ಮಾಡು ಅರ್ಧಕ್ಕೆ ನಿಂತಿದೆ. ಭಾನುವಾರ ಅಮ್ಮನ ಜೊತೆ ಬರ್ತೀನಿ, ನಿನ್ನ ಕೇಳೋಕೆ."

ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ಬರಿಗೈಯಲ್ಲೇ ಅವನ ಹಣೆ ಒರೆಸಿದಳು.

"ನಡುಗ್ತಿದೀಯ, ಮನೆಗೆ ಬಾ. ಸೂಪ್ ಬಿಸಿಯಿದೆ."

"ಹೀಗೆ ಒದ್ದೆಯಾಗಿ ಬಂದ್ರೆ, ಯಾರು ಹಾಕಿದ್ದು ಅಂತ ನಿನ್ನಮ್ಮ ಕೇಳಲ್ವಾ?"

"ಕೇಳ್ತಾಳೆ."

"ಏನು ಹೇಳ್ಲಿ?"

"ನನ್ನವಳು ಅನ್ನು."