ಮೇಷ್ಟ್ರು ನಿಮಗೆ ಏನಾಗಬೇಕು?

ಜೈಲಿನ ಪೆರೋಲ್ ಆಫೀಸಿನಲ್ಲಿ ಅದು ನನ್ನ ಮೊದಲ ದಿನ. ಎದುರಿನ ಕುರ್ಚಿಯಲ್ಲಿ ಕೈದಿಗಳ ಬಟ್ಟೆಯಂಥದೇ ಬಿಳಿ ಅಂಗಿ ತೊಟ್ಟವನೊಬ್ಬ ಕೂತಿದ್ದ. ತೋಳಿನ ತುಂಬ ಮರದ ಹೊಟ್ಟು, ಕಣ್ಣಿನ ತುಂಬ ತುಂಟತನ. ಟ್ರೇನಿಂಗ್‌ನಲ್ಲಿ ಕಲಿಸಿದ ಗಂಭೀರ ಮುಖ ಹಾಕಿಕೊಂಡು ಶುರು ಮಾಡಿದೆ.

"ಹೊರಗೆ ಹೋದ್ಮೇಲೆ ಎಲ್ಲಿರ್ತೀರಿ?"

"ಅಮ್ಮನ ಜೊತೆ, ಮೇಡಂ."

"ಅವರು ಮನೆಗೆ ಸೇರಿಸ್ಕೋತಾರಾ?"

"ಹೊತ್ತಿಗೆ ಸರಿಯಾಗಿ ಹೋದ್ರೆ ಸೇರಿಸ್ಕೋತಾರೆ. ಲೇಟಾದ್ರೆ ಬೈತಾರೆ."

"ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ?"

ಅವನು ಕಿಟಕಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ಇದೆ ಮೇಡಂ. ಆ ಕಿಟಕಿ ಚಿಲಕ ಹೋದ ತಿಂಗಳೇ ರಿಪೇರಿ ಮಾಡ್ಬೇಕಿತ್ತು, ಇವತ್ತು ಬಂದೆ. ನಾನಿಲ್ಲಿ ಕೈದಿಗಳಿಗೆ ಮರಗೆಲಸ ಕಲಿಸೋ ಮೇಷ್ಟ್ರು."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಪಕ್ಕದ ಟೇಬಲ್ಲಿನ ಸೀನಿಯರ್ ಮೇಡಂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆ ಚಿಲಕಕ್ಕೆ ಏನಾಯಿತೋ, ಆಮೇಲೂ ಕೆಡುತ್ತಲೇ ಇತ್ತು. ಸ್ಕ್ರೂ ತಿರುಗಿಸುವ ನೆಪದಲ್ಲಿ ಅವನು ಓರೆಗಣ್ಣಿನಿಂದ ನನ್ನನ್ನು ನೋಡುತ್ತಿದ್ದ; ಸಿಕ್ಕಿಬಿದ್ದರೆ ಕಿವಿ ಕೆಂಪಾಗುತ್ತಿತ್ತು. ಆ ಕಿವಿಗಳ ಮೇಲೆ ನನಗೆಷ್ಟು ಪ್ರೀತಿ ಬಂದಿತ್ತೆಂದರೆ, ಚಿಲಕವನ್ನು ಎರಡು ಸಲ ನಾನೇ ಕೆಡಿಸಿದೆ.

ನನ್ನ ಮೊದಲ ಕೇಸು ದೊಡ್ಡಪ್ಪನದು. ಇಡೀ ಜೈಲು ಹಾಗೆ ಕರೆಯುತ್ತಿದ್ದ ಆ ಮುದುಕ, ಮೇಷ್ಟ್ರ ಕೈಯಲ್ಲಿ ಪಳಗಿದ ಕೆಲಸಗಾರ. ಹೊರಗೆ ಕೆಲಸ ಕೊಡುವವರಿಲ್ಲವೆಂದು ಪೆರೋಲ್ ಮಂಡಳಿ ಅವನಿಗೆ ಹಿಂದೆ ಇಲ್ಲ ಎಂದಿತ್ತು. ಈ ಸಲವೂ ಇಲ್ಲ ಎಂದರೆ ಇನ್ನು ಅರ್ಜಿಯನ್ನೇ ಹಾಕುವುದಿಲ್ಲ ಎಂದು ಅವನು ಹಟ ಹಿಡಿದಿದ್ದ.

"ನಮ್ಮಣ್ಣನ ವರ್ಕ್‌ಶಾಪ್‌ನಲ್ಲಿ ಕೆಲಸ ಇದೆ. ನಾನು ಜಾಮೀನು ನಿಲ್ತೀನಿ," ಎಂದ ಮೇಷ್ಟ್ರು, ಒಂದು ಮಧ್ಯಾಹ್ನ.

ಖುಷಿಗೆ ಕುಣಿಯಬೇಕಾದವಳಿಗೆ ಎದೆ ಧಸಕ್ಕೆಂದಿತು. ಜಾಮೀನು ನಿಂತವನಿಗೂ ಪೆರೋಲ್ ಆಫೀಸರಿಗೂ ಏನೋ ನಡೆದಿದೆ ಎಂದು ಒಬ್ಬರು ಪಿಸುಗುಟ್ಟಿದರೂ ದೊಡ್ಡಪ್ಪನ ಕಥೆ ಮುಗಿದಂತೆ.

"ಮಂಡಳಿ ಕೂರೋವರೆಗೂ ನೀವು ಈ ಕಡೆ ಬರ್ಬೇಡಿ," ಎಂದೆ.

"ನೋಡೋದೂ ಬೇಡ್ವಾ?"

"ಬೇಡ. ನೀವು ನೋಡಿದ್ರೆ ನಾನು ನಗ್ತೀನಿ. ನಾನು ನಕ್ರೆ ಎಲ್ರಿಗೂ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ?"

"ಸುಮ್ನೆ ಹೋಗಿ!"

ಮಹಾಶಯ ಚಾಚೂ ತಪ್ಪದೆ ಪಾಲಿಸಿದ. ನಾನು ಎದುರಾದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಕಾವಲುಗಾರರು ನಮಗೆ ಜಗಳವಾಗಿದೆ ಎಂದುಕೊಂಡರು. ನಗು ತಡೆದು ತಡೆದು ನನ್ನ ದವಡೆ ನೋಯುತ್ತಿತ್ತು, ಅವನಿಲ್ಲದೆ ಮನಸ್ಸೂ. ಅವನ ಅಣ್ಣನ ವರ್ಕ್‌ಶಾಪ್ ನೋಡಿ ಬರಲು ನನ್ನ ಬದಲು ಸೀನಿಯರ್ ಮೇಡಂ ಅವರನ್ನೇ ಕಳಿಸಿ ಎಂದು ಮೇಲಿನವರನ್ನು ಕೇಳಿಕೊಂಡೆ.

ಮಂಡಳಿ ಕೂತಿತು. ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಜಾಮೀನು ನಿಂತಿರೋ ಈ ಮೇಷ್ಟ್ರು ನಿಮಗೆ ಏನಾಗಬೇಕು?"

ದೊಡ್ಡಪ್ಪ ತಲೆ ತಗ್ಗಿಸಿದ. ಮೇಷ್ಟ್ರು ಹಿಂದಿನ ಬೆಂಚಿನಲ್ಲಿದ್ದ. ಏನೂ ಇಲ್ಲ ಎಂದುಬಿಟ್ಟರೆ ಸಲೀಸಾಗಿತ್ತು. ಆದರೆ ಕೈದಿಗಳಿಗೆ ದಿನಾ ನಿಜ ಹೇಳಿ ಎನ್ನುವವಳು ನಾನು.

"ಇವತ್ತಿಗೆ ಏನೂ ಆಗಬೇಕಿಲ್ಲ ಸರ್. ಆದ್ರೆ ಅವರು ನಂಗಿಷ್ಟ. ತುಂಬಾ ಇಷ್ಟ. ಇನ್ನೂ ಅವರಿಗೇ ಹೇಳಿಲ್ಲ. ಅದಕ್ಕೇ ವರ್ಕ್‌ಶಾಪ್ ವರದಿ ನಾನು ಬರೆದಿಲ್ಲ, ಸೀನಿಯರ್ ಮೇಡಂ ಬರೆದಿದ್ದಾರೆ. ನನ್ನ ಮನಸ್ಸಿನ ವಿಷಯಕ್ಕೆ ದೊಡ್ಡಪ್ಪನಿಗೆ ಶಿಕ್ಷೆ ಬೇಡ."

ಹಿಂದೆ ಧಡ್ ಎಂದು ಸದ್ದಾಯಿತು. ಮೇಷ್ಟ್ರು ಎದ್ದ ರಭಸಕ್ಕೆ ಬೆಂಚೇ ಮಗುಚಿಬಿದ್ದಿತ್ತು.

ಅಧ್ಯಕ್ಷರು ವರದಿಯನ್ನು ನಿಧಾನವಾಗಿ ಓದಿದರು, ಪಕ್ಕದವರ ಜೊತೆ ಗುಸುಗುಸು ಮಾತಾಡಿದರು.

"ಬಿಡುಗಡೆ ಮಂಜೂರು," ಎಂದರು. "ಮತ್ತೆ ಮೇಡಂ, ಇಂಥದ್ದನ್ನ ಮೊದಲು ಅವರಿಗೆ ಹೇಳ್ಬೇಕು, ಆಮೇಲೆ ನಮಗೆ."

ದೊಡ್ಡಪ್ಪ ಅಳುತ್ತ ನಗುತ್ತ ನನ್ನ ತಲೆಯ ಮೇಲೆ ಕೈಯಿಟ್ಟ. "ನನ್ನ ಬಿಡಿಸೋಕೆ ಬಂದು ನೀನೇ ಸಿಕ್ಕಾಕ್ಕೊಂಡ್ಯಲ್ಲ, ಮಗಳೇ!"

ಕಾರಿಡಾರ್‌ನಲ್ಲಿ ಮೇಷ್ಟ್ರು ದಾರಿಗೆ ಅಡ್ಡ ನಿಂತಿದ್ದ.

"ಏನೂ ಆಗಬೇಕಿಲ್ಲ ಅಂದ್ರಲ್ಲ. ಹಾಗಾದ್ರೆ ನಾನು ನಿಮಗೆ ಏನಾಗ್ಲಿ?"

ಮಂಡಳಿಯ ಮುಂದೆ ಇಲ್ಲದ ನಾಚಿಕೆ ಈಗೆಲ್ಲಿಂದಲೋ ಬಂತು. ಆದರೂ ಗೆದ್ದು ಬಂದವಳ ಧೈರ್ಯ ಇನ್ನೂ ಬಿಸಿಯಾಗಿಯೇ ಇತ್ತು.

"ಗಂಡ," ಎಂದೆ.

ಕಾವಲುಗಾರರೆಲ್ಲ ಶಿಳ್ಳೆ ಹೊಡೆದರು. ನಾನು ಅವನ ಕೈ ಹಿಡಿದುಕೊಂಡೆ, ಎಲ್ಲರೂ ನೋಡಲಿ ಎಂದೇ.