ನಾಲ್ಕು ಇಪ್ಪತ್ತರ ಫೈಲು

ಖಜೂರಿ ರಸ್ತೆಯ ತೊಗರಿ ಮಿಲ್ಲಿನ ತೂಕದ ಕಾಟಾದಲ್ಲಿ ಇಂದಿಗೂ ಡಾಸ್ ಕಂಪ್ಯೂಟರೇ ಇದೆ. ಕಪ್ಪು ಪರದೆ, ಮೌಸ್ ಇಲ್ಲ. ಆಜ್ಞೆ ಬರೆದು ಎಂಟರ್ ಒತ್ತಬೇಕು. ಡಿರ್ ಎಂದರೆ ಫೈಲುಗಳನ್ನೂ ಅವನ್ನು ಬರೆದ ವೇಳೆಯನ್ನೂ ತೋರಿಸುತ್ತದೆ. ಡೆಲ್ ಎಂದರೆ ಮರುಮಾತಿಲ್ಲದೆ ಅಳಿಸುತ್ತದೆ. ಇದನ್ನು ನನಗೆ ಕಲಿಸಿದವರು ನನ್ನ ಗಂಡ ಕಲ್ಯಾಣಕುಮಾರ. ಆ ಕಾಟಾದ ಮೇಲೆಯೇ ಲಾರಿ ಅವರ ಮೇಲೆ ಹರಿಯಿತು. ಈಗ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ.

ಅವರು ಅಂದು ಮೂರಕ್ಕೇ ಕೆಲಸ ಬಿಟ್ಟು, ಕುಡಿದು ಲಾರಿಯ ಕೆಳಗೆ ಮಲಗಿದ್ದರೆಂದು, ಪರಿಹಾರ ಕೊಡುವುದು ತಪ್ಪಲೆಂದು, ಮಿಲ್ಲಿನ ಸಾಹುಕಾರ ಪೊಲೀಸರಿಗೆ ಬರೆದುಕೊಟ್ಟಿದ್ದಾನೆ. ಆದರೆ ಆ ದಿನ ಅವರು ಬರೆದ ಕೊನೆಯ ಫೈಲಿನ ವೇಳೆ ನಾಲ್ಕು ಇಪ್ಪತ್ತು.

ಮೊನ್ನೆ ಮಧ್ಯಾಹ್ನ ಅವನು ಬಂದು ನನ್ನ ಬೆನ್ನ ಹಿಂದೆ ನಿಂತ.

"ಆ ಫೈಲ್ ಅಳಸು ಬೇ."

"ಅವರು ಮೂರಕ್ಕ ಹೋಗಿದ್ರ ನಿಮಗ್ಯಾಕ್ರಿ ಅಂಜಿಕಿ?"

"ನೌಕರಿ ಬೇಕೋ ಬ್ಯಾಡೋ?"

"ನೀವೇ ಅಳಸ್ರಿ. ನಾ ಹೇಳಿಕೊಡ್ತೇನಿ."

ನಾನು ಹೇಳಿದಂತೆ ಡೆಲ್ ಬರೆದು ಎಂಟರ್ ಒತ್ತಿದವನು ಬೆರಳು ಹಿಂದಕ್ಕೆಳೆದುಕೊಂಡ.

"ಸುಡಾಕತ್ತದಲ್ಲ ಇದು!"

ಡಿರ್ ಹಾಕಿದೆ. ಫೈಲು ಇತ್ತು. ಮೂರು ಸಲ ಅಳಿಸಿದ, ಮೂರು ಸಲವೂ ಇತ್ತು.

ನಿನ್ನೆ ಹೊಸ ಕೀಬೋರ್ಡ್ ತರಿಸಿ ಮತ್ತೆ ಅಳಿಸಿದ, ಫೈಲು ಇದ್ದೇ ಇತ್ತು. ಇವತ್ತು ಅವನ ಬೆರಳ ತುದಿಯಲ್ಲಿ ಎರಡು ಗುಳ್ಳೆಗಳಿವೆ. ಅವನು ಹೋದ ಮೇಲೆ ನಾನೂ ಎಂಟರ್ ಮುಟ್ಟಿ ನೋಡಿದೆ. ತಣ್ಣಗಿತ್ತು.